ಲ್ಯಾಪ್‌ಟಾಪ್ ಹಿಡಿದು ಹೊರದೇಶಕ್ಕೆ ಹೊರಡುವ ಮೈಸೂರು, ಮಂಡ್ಯದವರಿಗೆ: ಊರು ಆರಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರಸ್ವತಿಪುರಂನವಳು. ಲಂಡನ್ನಿನ ಒಂದು ಕಂಪನಿಗೆ ಕಾಂಟ್ರಾಕ್ಟ್ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಒಂಬತ್ತು ತಿಂಗಳು ಕ್ವಾಲಾಲಂಪುರದಲ್ಲಿ ಕೂತು ಅದೇ ಕೆಲಸ ಮಾಡಿ ವಾಪಸ್ ಬಂದೆ. ಬಂದಾಗಿನಿಂದ ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ಊಟದ ಎಲೆ ಮುಂದೆ ಕೂತಾಗಲೂ ಯಾರಾದರೂ ಒಬ್ಬರು ಹತ್ತಿರ ಸರಿದು ಕೇಳುತ್ತಾರೆ: "ನಮ್ಮ ಹುಡುಗನಿಗೂ ಮನೆಯಿಂದಲೇ ಕೆಲಸ. ಹೊರದೇಶದಲ್ಲಿ ಇದ್ದುಕೊಂಡು ಮಾಡಬಹುದಂತೆ. ಯಾವೂರು ಚೆನ್ನಾಗಿದೆಯಮ್ಮಾ?" ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಸಾಕಾಗಿದೆ. ಪೂರ್ತಿ ಉತ್ತರ ಇಲ್ಲಿದೆ.

ಒಂದೇ ಮಾತಲ್ಲಿ ಹೇಳಿ, ಯಾವ ಊರು ಬೆಸ್ಟ್?

ಒಂದೇ ಮಾತಲ್ಲಿ ಹೇಳೋಕಾಗಲ್ಲ. ಮೊದಲು ನೀವು ಹೇಳಿ: ನಿಮ್ಮ ಕೆಲಸ ಯಾವ ದೇಶದ ಗಡಿಯಾರಕ್ಕೆ ನಡೆಯುತ್ತದೆ? ಬೆಂಗಳೂರಿನದಾ, ಲಂಡನ್ನಿನದಾ, ನ್ಯೂಯಾರ್ಕಿನದಾ? ಇದು ಗೊತ್ತಾದರೆ ಅರ್ಧ ಪ್ರಪಂಚ ಪಟ್ಟಿಯಿಂದ ತಾನಾಗೇ ಬಿದ್ದುಹೋಗುತ್ತದೆ. ಉಳಿದದ್ದರಲ್ಲಿ ವೀಸಾ ಸಿಗುವುದು ಯಾವುದು ಅಂತ ನೋಡಿದರೆ ಮೂರು ನಾಲ್ಕು ಊರು ಉಳಿಯುತ್ತವೆ. ಬೀಚ್, ಬೆಟ್ಟ, ಕಾಫಿ ಎಲ್ಲ ಆಮೇಲಿನ ಮಾತು.

ಗಡಿಯಾರ ಅಷ್ಟು ಮುಖ್ಯವಾ? ಒಂದೆರಡು ಗಂಟೆ ಆಚೆ ಈಚೆ ಆದರೆ ಏನಾಗುತ್ತೆ?

ನಾನೂ ಹಾಗೇ ಅಂದುಕೊಂಡಿದ್ದೆ. ಕ್ವಾಲಾಲಂಪುರ ನಮಗಿಂತ ಎರಡೂವರೆ ಗಂಟೆ ಮುಂದೆ. "ಅಯ್ಯೋ ಎರಡೂವರೆ ಗಂಟೆ ತಾನೇ" ಅಂತ ಹೋದೆ. ಲಂಡನ್ನಿನ ಬೆಳಿಗ್ಗೆ 9 ಗಂಟೆ ಅಂದರೆ ಬೇಸಿಗೆಯಲ್ಲಿ ಮೈಸೂರಿನಲ್ಲಿ ಮಧ್ಯಾಹ್ನ 1.30. ಅದೇ ಹೊತ್ತು ಕ್ವಾಲಾಲಂಪುರದಲ್ಲಿ ಸಂಜೆ 4. ಚಳಿಗಾಲದಲ್ಲಿ ಸಂಜೆ 5. ಅಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ನನ್ನ ಕೆಲಸ ಸಂಜೆ 5ಕ್ಕೆ ಶುರು, ಮುಗಿಯುವಾಗ ರಾತ್ರಿ 1. ಮೈಸೂರಿನಲ್ಲಿದ್ದಾಗ ರಾತ್ರಿ 10ಕ್ಕೆಲ್ಲ ಲ್ಯಾಪ್‌ಟಾಪ್ ಮುಚ್ಚಿ ಅಮ್ಮನ ಜೊತೆ ಊಟಕ್ಕೆ ಕೂರುತ್ತಿದ್ದವಳು ಅಲ್ಲಿ ರಾತ್ರಿ 1 ಗಂಟೆಗೆ ಬೀದಿ ಬದಿ ಮಾಮಕ್ ಅಂಗಡಿಯಲ್ಲಿ ಒಬ್ಬಳೇ ಕೂತು ತೋಸೈ ತಿನ್ನುತ್ತಿದ್ದೆ. (ಮಾಮಕ್ ಅಂದರೆ ಅಲ್ಲಿನ ತಮಿಳು ಮುಸ್ಲಿಮರ ಹೋಟೆಲ್. ಅಲ್ಲಿ ದೋಸೆಗೆ ತೋಸೈ ಅಂತಾರೆ. ಎಷ್ಟೋ ಮಾಮಕ್ ಅಂಗಡಿಗಳು 24 ಗಂಟೆಯೂ ತೆರೆದಿರುತ್ತವೆ. ಅವು ಇಲ್ಲದಿದ್ದರೆ ನನ್ನ ಗತಿ ದೇವರಿಗೇ ಪ್ರೀತಿ.) ಊರಿನವರೆಲ್ಲ ಕೆಲಸ ಮುಗಿಸಿ ಹೊರಗೆ ಬರುವ ಹೊತ್ತಿಗೆ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ. ಒಂಬತ್ತು ತಿಂಗಳಲ್ಲಿ ವಾರದ ದಿನಗಳ ಒಂದು ಸಂಜೆಯನ್ನೂ ನಾನು ಆ ಊರಲ್ಲಿ ನೋಡಲಿಲ್ಲ.

ಲೆಕ್ಕ ಹೀಗೆ ಹಾಕಿ. ನ್ಯೂಯಾರ್ಕಿನ ಕಂಪನಿ ಆದರೆ ಅವರ ಬೆಳಿಗ್ಗೆ 9, ಬೇಸಿಗೆಯಲ್ಲಿ, ಮೈಸೂರಿಗೆ ಸಂಜೆ 6.30, ಕ್ವಾಲಾಲಂಪುರಕ್ಕೆ ರಾತ್ರಿ 9, ದುಬೈಗೆ ಸಂಜೆ 5, ಪೋರ್ಚುಗಲ್‌ನ ಲಿಸ್ಬನ್ನಿಗೆ ಮಧ್ಯಾಹ್ನ 2. ಅಮೆರಿಕದ ಕೆಲಸ ಇಟ್ಟುಕೊಂಡು ಪೂರ್ವಕ್ಕೆ ಹೋಗುವುದು ಅಂದರೆ ಇರುವ ಕಷ್ಟವನ್ನು ದುಡ್ಡು ಕೊಟ್ಟು ಜಾಸ್ತಿ ಮಾಡಿಕೊಂಡ ಹಾಗೆ. ಅವರು ಪಶ್ಚಿಮಕ್ಕೇ ಹೋಗಬೇಕು. ಕಂಪನಿ ಬೆಂಗಳೂರಿನದಾದರೆ ಪೂರ್ತಿ ಉಲ್ಟಾ. ಇಲ್ಲಿಯ 9.30ರ ಮೀಟಿಂಗ್ ಬ್ಯಾಂಕಾಕಿನಲ್ಲಿ 11ಕ್ಕೆ, ಕ್ವಾಲಾಲಂಪುರದಲ್ಲಿ 12ಕ್ಕೆ. ಬೆಳಿಗ್ಗೆ ಪೂರ್ತಿ ನಿಮ್ಮದೇ. ಲಿಸ್ಬನ್ನಿನಲ್ಲಿ ಅದೇ ಮೀಟಿಂಗ್ ಬೇಸಿಗೆಯಲ್ಲಿ ಬೆಳಗಿನ ಜಾವ 5ಕ್ಕೆ, ಚಳಿಗಾಲದಲ್ಲಿ 4ಕ್ಕೆ. ಸುಪ್ರಭಾತಕ್ಕೂ ಮುಂಚೆ!

ಇನ್ನೊಂದು ಸಣ್ಣ ತಲೆನೋವು. ನಮ್ಮಲ್ಲಿ ಗಡಿಯಾರ ವರ್ಷವಿಡೀ ಒಂದೇ. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದೆ ಮಾಡುತ್ತಾರೆ, ಯೂರೋಪಿನವರು ಮಾರ್ಚ್ ಕೊನೇ ಭಾನುವಾರ. ನಡುವಿನ ಎರಡು ಮೂರು ವಾರ ಯಾರ ಮೀಟಿಂಗ್ ಎಷ್ಟು ಗಂಟೆಗೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲ್ಲ. ಯೂರೋಪಿನಲ್ಲಿ ಕೂತು ಅಮೆರಿಕಕ್ಕೆ ದುಡಿಯುವವರು ಕ್ಯಾಲೆಂಡರಿನಲ್ಲಿ ಈ ವಾರಗಳಿಗೆ ಕೆಂಪು ಗುರುತು ಹಾಕಿಕೊಳ್ಳಿ.

ಕಂಪನಿಗೆ ಹೇಳದೆ ಸುಮ್ನೆ ಹೋಗಿಬಿಟ್ಟರೆ? ಯಾರಿಗೆ ಗೊತ್ತಾಗುತ್ತೆ?

ಗೊತ್ತಾಗುತ್ತೆ. ಲಾಗಿನ್ ಎಲ್ಲಿಂದ ಆಯಿತು ಅನ್ನುವುದು ಐಟಿ ವಿಭಾಗದವರಿಗೆ ಕಾಣುತ್ತದೆ. ಕಂಪನಿಗಳು ಹೆದರುವುದಕ್ಕೂ ಕಾರಣ ಇದೆ. ಅವರ ನೌಕರ ಬೇರೆ ದೇಶದಲ್ಲಿ ತಿಂಗಳುಗಟ್ಟಲೆ ಕೂತು ದುಡಿದರೆ ಆ ದೇಶದ ತೆರಿಗೆಯವರು "ನಿಮ್ಮ ಕಂಪನಿ ನಮ್ಮಲ್ಲೂ ವ್ಯವಹಾರ ಮಾಡುತ್ತಿದೆ, ತೆರಿಗೆ ಕಟ್ಟಿ" ಅಂತ ಕೇಳುವ ಸಾಧ್ಯತೆ ಇದೆ. ಗ್ರಾಹಕರ ಮಾಹಿತಿ ಯಾವ ದೇಶದಿಂದ ನೋಡಬಹುದು ಅನ್ನುವುದಕ್ಕೂ ಕರಾರು ಇರುತ್ತದೆ. ಆದ್ದರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮ್ಯಾನೇಜರ್ ಕಾಫಿ ಕುಡಿಯುತ್ತಾ "ನೋ ಪ್ರಾಬ್ಲಂ" ಅಂದದ್ದು ಒಪ್ಪಿಗೆ ಅಲ್ಲ. ಬೇರೆ ದೇಶದ ಕಂಪನಿಯ ಕೆಲಸವನ್ನು ಅಲ್ಲಿ ಕೂತು ಮಾಡಲು ಕೊಡುವ ವೀಸಾಗಳಿಗೆ (ಡಿಜಿಟಲ್ ನೋಮ್ಯಾಡ್ ವೀಸಾ ಅಂತಾರೆ) ಹೇಗೂ ಕಂಪನಿಯ ಪತ್ರ ಅಥವಾ ಕಾಂಟ್ರಾಕ್ಟ್ ಕೇಳುತ್ತಾರೆ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸ ಮಾಡಬಹುದಾ?

ಎಷ್ಟೋ ಜನ ಮಾಡುತ್ತಾರೆ. ನಾನು ಮಾಡಿ ಅನ್ನಲ್ಲ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ "ಇಲ್ಲಿ ಮೂರು ತಿಂಗಳು ಏನು ಮಾಡ್ತೀಯ?" ಅಂತ ಕೇಳಿದಾಗ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಬೇಕಾದ ಪ್ಲಾನ್ ಒಳ್ಳೆಯ ಪ್ಲಾನ್ ಅಲ್ಲ.

ಸರಿ, ನಮ್ಮ ಪಾಸ್‌ಪೋರ್ಟಿಗೆ ಈ ಡಿಜಿಟಲ್ ನೋಮ್ಯಾಡ್ ವೀಸಾ ಯಾರು ಕೊಡುತ್ತಾರೆ?

ಈ ಥರದ ವೀಸಾಕ್ಕೆ ಪಾಸ್‌ಪೋರ್ಟಿಗಿಂತ ನಿಮ್ಮ ಸಂಬಳದ ಮೇಲೆ ಅವರ ಕಣ್ಣು ಜಾಸ್ತಿ. ನಮ್ಮ ಕಡೆಯವರು ಹೆಚ್ಚಾಗಿ ಕೇಳುವ ದೇಶಗಳ ಬಗ್ಗೆ ಮಾತ್ರ ಹೇಳುತ್ತೇನೆ. ಮೊತ್ತಗಳನ್ನು ಆಗಾಗ ಬದಲಾಯಿಸುತ್ತಾರೆ, ಅರ್ಜಿ ಹಾಕುವ ದಿನ ಆ ದೇಶದ ಸರ್ಕಾರಿ ಜಾಲತಾಣ ಒಮ್ಮೆ ತೆಗೆದು ನೋಡಿ.

ಮಲೇಷ್ಯಾದ್ದು "ಡಿಇ ರಂತಾವ್" ಪಾಸ್. 2022ರಲ್ಲಿ ಶುರುವಾಯಿತು. ಐಟಿ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಸಾಕು, ಬೇರೆ ಕೆಲಸದವರಿಗೆ 60,000. ಮೂರರಿಂದ ಹನ್ನೆರಡು ತಿಂಗಳಿಗೆ ಕೊಡುತ್ತಾರೆ, ಒಂದು ಸಲ ಮುಂದುವರಿಸಬಹುದು. ಗಂಡ, ಹೆಂಡತಿ, ಮಕ್ಕಳನ್ನು ಸೇರಿಸಿಕೊಳ್ಳಬಹುದು. ನಾನು ಹೋಗಿದ್ದು ಇದರಲ್ಲೇ.

ಥೈಲ್ಯಾಂಡಿನದು ಡಿಟಿವಿ (ಡೆಸ್ಟಿನೇಷನ್ ಥೈಲ್ಯಾಂಡ್ ವೀಸಾ), 2024ರ ಜುಲೈನಲ್ಲಿ ಬಂತು. ಐದು ವರ್ಷದ ವೀಸಾ, ಒಂದು ಸಲ ಒಳಗೆ ಹೋದರೆ 180 ದಿನ ಇರಬಹುದು. ಸಂಬಳಕ್ಕಿಂತ ಬ್ಯಾಂಕಿನಲ್ಲಿ 5 ಲಕ್ಷ ಬಾತ್ ಇದೆ ಎಂದು ತೋರಿಸುವುದೇ ಇಲ್ಲಿ ಮುಖ್ಯ. ಕೂಡಿಟ್ಟ ಹಣ ಇದ್ದು ಸಂಬಳ ಏರುಪೇರಾಗುವ ಫ್ರೀಲ್ಯಾನ್ಸ್ ಜನಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ದುಬೈ ಒಂದು ವರ್ಷಕ್ಕೆ ಕೊಡುತ್ತದೆ, ತಿಂಗಳಿಗೆ 3,500 ಡಾಲರ್ ಆದಾಯ ಬೇಕು. ಮಾರಿಷಸ್‌ನ ಪ್ರೀಮಿಯಂ ವೀಸಾ ಕೂಡ ಒಂದು ವರ್ಷದ್ದು, ಆದರೆ ತಿಂಗಳಿಗೆ 1,500 ಡಾಲರ್ ಇದ್ದರೆ ಆಯಿತು. ನಮ್ಮ ಜನ ಇದನ್ನು ಯಾಕೆ ಇಷ್ಟು ಕಡೆಗಣಿಸುತ್ತಾರೋ ಗೊತ್ತಿಲ್ಲ. ಹನಿಮೂನಿಗೆ ಮಾತ್ರ ಅಂದುಕೊಂಡಿದ್ದಾರೆ, ಅಷ್ಟೇ. ಬಾಲಿಗೆ ವರ್ಷಕ್ಕೆ 60,000 ಡಾಲರ್ ಬೇಕು. ಫೋಟೋ ನೋಡಿ ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಈ ಮೊತ್ತ ಕೇಳಿ ಸುಮ್ಮನಾಗುತ್ತಾರೆ.

ಪೋರ್ಚುಗಲ್‌ನದು ಡಿ8, 2022ರ ಅಕ್ಟೋಬರ್‌ನಿಂದ ಇದೆ. ಅಲ್ಲಿನ ಕನಿಷ್ಠ ಕೂಲಿಯ ನಾಲ್ಕು ಪಟ್ಟು ತಿಂಗಳ ಆದಾಯ ತೋರಿಸಬೇಕು. 2025ರಲ್ಲಿ ಕನಿಷ್ಠ ಕೂಲಿ 870 ಯೂರೊ ಇತ್ತು, ಅಂದರೆ 3,480 ಯೂರೊ. ಕಾಗದ ಪತ್ರದ ಓಡಾಟ ಏಷ್ಯಾದ ದೇಶಗಳಿಗಿಂತ ಬಹಳ ಜಾಸ್ತಿ. ತುಂಬ ದಿನ ನೆಲೆಸುವ ಮನಸ್ಸಿದ್ದರೆ ಮಾತ್ರ ಆ ಕಷ್ಟಕ್ಕೆ ಬೆಲೆ.

ಕಾಗದ ಪತ್ರಕ್ಕೆಲ್ಲ ಬೆಂಗಳೂರಿಗೆ ಅಲೆಯಬೇಕಾ?

ಪೂರ್ತಿ ಅಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ 2017ರಲ್ಲಿ ದೇಶದಲ್ಲೇ ಮೊದಲು ಶುರುವಾಗಿದ್ದು ಎರಡು ಊರಲ್ಲಿ, ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೂ 2022ರಿಂದ ಇಂಥ ಅಂಚೆ ಕೇಂದ್ರಗಳಲ್ಲೇ ಅರ್ಜಿ ಕೊಡಬಹುದು. ಕಾಗದ ಅಸಲಿ ಎಂದು ದೃಢಪಡಿಸಲು ಯೂರೋಪಿನ ದೇಶಗಳು ಕೇಳುವ ಅಪೊಸ್ಟಿಲ್ ಮುದ್ರೆ ವಿದೇಶಾಂಗ ಸಚಿವಾಲಯದ್ದು. ಅದಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಬೇಕಾಗುವ ಕಾಗದಗಳೂ ಇವೆ. ಇಲ್ಲಿ ಬೆಂಗಳೂರಿನ ಓಡಾಟ ತಪ್ಪುವುದಿಲ್ಲ.

ಆದರೆ ನಮ್ಮವರು ಎಡವುವುದು ಹೆಸರಿನಲ್ಲಿ. ನಮಗೆಲ್ಲಿದೆ ಸರ್‌ನೇಮ್? ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ಹೆಸರು. ಡಿಗ್ರಿ ಸರ್ಟಿಫಿಕೇಟಿನಲ್ಲಿ "ಎಂ. ಎಸ್." ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದಿರುತ್ತದೆ, ಬ್ಯಾಂಕಿನಲ್ಲಿ ಮೂರನೇ ಥರ. ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಮಂಡ್ಯ, ಮೈಸೂರಿನಲ್ಲಿ ಮನೆಗೊಂದು ಸಿಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಟಿಕೆಟ್ ತೆಗೆಯುವ ಮೊದಲೇ ಪಾಸ್‌ಪೋರ್ಟ್ ತೆರೆದು ಆ ಸಾಲು ನೋಡಿ. ಸರಿ ಮಾಡಿಸಲು ಹೊಸ ಪಾಸ್‌ಪೋರ್ಟೇ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ತಿಂಗಳಿಗೆ ಎಷ್ಟು ಖರ್ಚಾಗುತ್ತೆ?

ನನ್ನದನ್ನು ಹೇಳಬಲ್ಲೆ. ಕ್ವಾಲಾಲಂಪುರದಲ್ಲಿ ಭಾರತೀಯರು ಜಾಸ್ತಿ ಇರುವ ಬ್ರಿಕ್‌ಫೀಲ್ಡ್ಸ್ ಬಡಾವಣೆ ಹತ್ತಿರ ಒಂದೇ ಕೋಣೆಯ ಸ್ಟುಡಿಯೋ ಮನೆ, ಬಾಡಿಗೆ 1,900 ರಿಂಗಿಟ್. ನಾನಿದ್ದಾಗ ಒಂದು ರಿಂಗಿಟ್‌ಗೆ ಸುಮಾರು 19 ರೂಪಾಯಿ, ಅಂದರೆ 36 ಸಾವಿರ. ಇದನ್ನು ಮಂಡ್ಯದ ಭಾವನಿಗೆ ಹೇಳಿದಾಗ "ಅಷ್ಟು ದುಡ್ಡಿಗೆ ಇಲ್ಲಿ ಮನೆ ಜೊತೆಗೆ ಒಂದೆಕ್ರೆ ಕಬ್ಬಿನ ಗದ್ದೇನೂ ಕೊಡ್ತಾರೆ ಕಣಮ್ಮ" ಅಂದರು. ಬಾಡಿಗೆ ಬಿಟ್ಟರೆ ಉಳಿದದ್ದು ಅಂಥ ಭಾರ ಅನ್ನಿಸಲಿಲ್ಲ. ಮೆಟ್ರೋ ಇದೆ, ಹೊರಗೆ ತಿನ್ನುವುದು ಅಗ್ಗ.

ಅಡ್ವಾನ್ಸ್ ವಿಷಯದಲ್ಲಿ ಮಲೇಷ್ಯಾ ಬೆಂಗಳೂರಿನಷ್ಟು ಕ್ರೂರಿ ಅಲ್ಲ. ಎರಡು ತಿಂಗಳ ಬಾಡಿಗೆ ಠೇವಣಿ, ಕರೆಂಟು ನೀರಿಗೆ ಅರ್ಧ ತಿಂಗಳದ್ದು, ಜೊತೆಗೆ ಮೊದಲ ತಿಂಗಳ ಬಾಡಿಗೆ. ಒಟ್ಟು ಮೂರೂವರೆ ತಿಂಗಳದ್ದು ಮೊದಲ ದಿನವೇ ಕೈಬಿಟ್ಟು ಹೋಗುತ್ತದೆ. ವಾಪಸ್ ಬರುವುದು ಬೇರೆ ಕಥೆ. ನನ್ನ ಮನೆ ಮಾಲೀಕರು ಬಾತ್‌ರೂಮಿನ ಬಾಗಿಲ ಕೆಳಗೆ ಮರ ಉಬ್ಬಿದೆ ಎಂದು 800 ರಿಂಗಿಟ್ ಹಿಡಿದುಕೊಂಡರು. ಆ ಬಾಗಿಲು ನಾನು ಹೋದ ದಿನವೇ ಹಾಗಿತ್ತು. ಆದರೆ ತೋರಿಸಲು ನನ್ನ ಹತ್ತಿರ ಇದ್ದದ್ದು ಕಿಟಕಿಯಿಂದ ಕಾಣುವ ಪೆಟ್ರೋನಾಸ್ ಜೋಡಿ ಗೋಪುರದ ಹನ್ನೊಂದು ಫೋಟೋ. ಬಾಗಿಲಿನದು ಒಂದೂ ಇಲ್ಲ. ಬೀಗದ ಕೈ ತೆಗೆದುಕೊಂಡ ತಕ್ಷಣ, ಸೂಟ್‌ಕೇಸ್ ಬಿಚ್ಚುವ ಮೊದಲೇ, ಮೂಲೆ ಮೂಲೆ ವಿಡಿಯೋ ಮಾಡಿ ಮಾಲೀಕರಿಗೇ ಕಳಿಸಿಬಿಡಿ.

ದುಬೈಗೆ ಹೋಗುವವರು ಒಂದು ತಿಳಿದಿರಿ. ಅಲ್ಲಿ ವರ್ಷದ ಬಾಡಿಗೆಯನ್ನು ಒಂದೋ ಎರಡೋ ನಾಲ್ಕೋ ಮುಂದಿನ ತಾರೀಕಿನ ಚೆಕ್ ಆಗಿ ಮೊದಲೇ ಕೊಡುವುದು ರೂಢಿ. ತಿಂಗಳ ಲೆಕ್ಕದಲ್ಲಿ ಯೋಚಿಸುವ ನಮ್ಮ ಜೇಬಿಗೆ ಅದು ದೊಡ್ಡ ಹೊಡೆತ.

ತೆರಿಗೆ ಎಲ್ಲಿ ಕಟ್ಟಬೇಕು? ಹೊರಗೆ ಹೋದರೆ ಇಲ್ಲಿ ಕಟ್ಟೋ ಹಾಗಿಲ್ಲ ಅಂತಾರಲ್ಲ?

ಹಾಗೆ ಹೇಳುವವರು ಸಾಮಾನ್ಯವಾಗಿ ಹೋಗಿರುವುದಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ ನೀವು ಭಾರತದಲ್ಲಿ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೆರಿಗೆ ಲೆಕ್ಕಕ್ಕೆ ಇಲ್ಲಿನ ನಿವಾಸಿಯೇ. ನಿವಾಸಿ ಅಂದರೆ ಸಾಮಾನ್ಯವಾಗಿ ಪ್ರಪಂಚದ ಯಾವ ಮೂಲೆಯಲ್ಲಿ ದುಡಿದದ್ದಕ್ಕೂ ಇಲ್ಲಿ ಲೆಕ್ಕ ಕೊಡಬೇಕು. 182ಕ್ಕಿಂತ ಕಡಿಮೆ ಇದ್ದವರನ್ನೂ ಹಿಡಿಯುವ ಬೇರೆ ನಿಯಮಗಳಿವೆ. ಭಾರತದಿಂದಲೇ 15 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದು, ಬೇರೆ ಎಲ್ಲೂ ತೆರಿಗೆ ಕಟ್ಟುವ ನಿವಾಸಿ ಅಲ್ಲದ ಭಾರತೀಯರನ್ನು 2020ರ ತಿದ್ದುಪಡಿ ಇಲ್ಲಿನ ನಿವಾಸಿ ಎಂದೇ ಎಣಿಸುತ್ತದೆ. ದುಬೈಯಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ ಎಂದು ಕುಣಿಯುವ ಮೊದಲು ಇದನ್ನು ಓದಿ.

ಆ ಕಡೆ ಲೆಕ್ಕ ಬೇರೆ. ಮಲೇಷ್ಯಾ, ಥೈಲ್ಯಾಂಡ್ ಜನವರಿಯಿಂದ ಡಿಸೆಂಬರ್ ಎಣಿಸುತ್ತವೆ. ಮಲೇಷ್ಯಾದಲ್ಲಿ 182 ದಿನ ಇದ್ದರೆ ಅಲ್ಲಿನ ತೆರಿಗೆ ನಿವಾಸಿ, ಹಂತ ಹಂತದ ದರ. ಅದಕ್ಕಿಂತ ಕಡಿಮೆ ಇದ್ದವರಿಗೆ ಅಲ್ಲಿ ತೆರಿಗೆಗೆ ಬರುವ ಆದಾಯದ ಮೇಲೆ ಸಪಾಟಾಗಿ ಶೇ 30. ಕಡಿಮೆ ದಿನ ಇದ್ದರೆ ಕಡಿಮೆ ತೆರಿಗೆ ಅನ್ನುವುದು ಎಲ್ಲ ಕಡೆ ನಿಜ ಅಲ್ಲ. ಥೈಲ್ಯಾಂಡಿನಲ್ಲಿ 180 ದಿನ ದಾಟಿದವರು ಹೊರಗೆ ದುಡಿದು ಒಳಗೆ ತಂದ ಹಣಕ್ಕೆ 2024ರಿಂದ ನಿಯಮ ಬಿಗಿಯಾಗಿದೆ. ಈ ದೇಶಗಳ ಜೊತೆ ಭಾರತಕ್ಕೆ ಎರಡು ಕಡೆ ತೆರಿಗೆ ಬೀಳದ ಹಾಗೆ ಒಪ್ಪಂದ ಇದೆ. ಆದರೆ ಅದು ತಾನಾಗೇ ನಡೆಯಲ್ಲ, ನೀವು ಫಾರಂ ತುಂಬಿ ಕೇಳಬೇಕು.

ಅಲ್ಲಿ ಬ್ಯಾಂಕ್ ಖಾತೆ ತೆರೆದು, ಆ ವರ್ಷ ಇಲ್ಲಿನ ನಿವಾಸಿಯೇ ಆಗಿದ್ದರೆ, ರಿಟರ್ನ್‌ನಲ್ಲಿ ಆ ಖಾತೆಯನ್ನು ತೋರಿಸಲೇಬೇಕು. ಬಿಟ್ಟರೆ 10 ಲಕ್ಷ ದಂಡ ಹಾಕಬಹುದಾದ ಕಾನೂನು 2015ರಿಂದ ಇದೆ. ಹೊರಡುವ ಮೊದಲು ಇಂಥ ಕೇಸು ನೋಡಿ ಗೊತ್ತಿರುವ ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬನ್ನಿ. ನನ್ನ ಇಡೀ ಪ್ರವಾಸದಲ್ಲಿ ಅತಿ ಲಾಭದ ಖರ್ಚು ಅದೇ.

ಬ್ಯಾಂಕಿನ ಓಟಿಪಿ?

ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಹೋದ ಮೂರನೇ ವಾರ ಅಳುತ್ತಾ ಫೋನ್ ಮಾಡುತ್ತಾರೆ. ನಮ್ಮ ಬ್ಯಾಂಕು, ಆಧಾರ್, ತೆರಿಗೆ, ಎಲ್ಲ ಆ ಹತ್ತು ಅಂಕಿಯ ನಂಬರಿಗೆ ಕಟ್ಟಿಹಾಕಿದೆ. ಇಲ್ಲಿನ ಸಿಮ್ ಸಾಯಲು ಬಿಡಬೇಡಿ. ಹೊರಡುವ ಮೊದಲೇ ರೋಮಿಂಗ್ ಆನ್ ಮಾಡಿಸಿ. ಎರಡು ಸಿಮ್ ಹಿಡಿಯುವ ಫೋನ್ ಇರಲಿ, ಅಲ್ಲಿನದು ಇಸಿಮ್ ಆದರೆ ಇನ್ನೂ ಸಲೀಸು. ರೀಚಾರ್ಜ್ ಮುಗಿಯುವ ತಾರೀಕನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. ನಮ್ಮ ಅಪ್ಪ ಅದನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಬರೆದಿಟ್ಟುಕೊಂಡಿದ್ದರು, ಒಂದು ಸಲವೂ ತಪ್ಪಲಿಲ್ಲ.

ಇಂಟರ್ನೆಟ್ ಚೆನ್ನಾಗಿರುತ್ತಾ?

ದೊಡ್ಡ ಊರುಗಳಲ್ಲಿ ಊರಿನದು ಚೆನ್ನಾಗೇ ಇರುತ್ತದೆ. ಕೇಳಬೇಕಾದ್ದು ಆ ಮನೆಯದು. ಮಾಲೀಕರಿಗೆ "ವೈಫೈ ಇದೆಯಾ?" ಅಂತ ಕೇಳಿದರೆ "ಇದೆ" ಅಂತಾರೆ. "ಸಂಜೆ 8 ಗಂಟೆಗೆ ಸ್ಪೀಡ್ ಟೆಸ್ಟ್ ಮಾಡಿ ಅದರ ಚಿತ್ರ ಕಳಿಸಿ" ಅಂತ ಕೇಳಿ. ಕಟ್ಟಡದವರೆಲ್ಲ ಸಿನಿಮಾ ನೋಡುವ ಹೊತ್ತು ಅದು. ಡೌನ್‌ಲೋಡ್‌ಗಿಂತ ಅಪ್‌ಲೋಡ್ ಅಂಕಿ ನೋಡಿ, ಮೀಟಿಂಗಿನಲ್ಲಿ ನಿಮ್ಮ ಮುಖ ಕಲ್ಲಾಗುವುದು ಅದರಿಂದ.

ಕ್ವಾಲಾಲಂಪುರದಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ ಜಾಸ್ತಿ. ಸರಿಯಾಗಿ ನನ್ನ 4 ಗಂಟೆಯ ಮೀಟಿಂಗಿಗೆ ಆಕಾಶ ಕಪ್ಪಾಗುತ್ತಿತ್ತು. ಮೊದಲ ಸಿಡಿಲಿಗೆ ಕಿಟಕಿ ಗಾಜು ನಡುಗುವುದು, ಎರಡನೆಯದಕ್ಕೆ ರೂಟರಿನ ಹಸಿರು ದೀಪ ಕೆಂಪಾಗುವುದು. ಫೋನಿನ ಹಾಟ್‌ಸ್ಪಾಟ್ ಸಿದ್ಧ ಇಟ್ಟುಕೊಂಡೇ ಕೂರುತ್ತಿದ್ದೆ. ಲಂಡನ್ನಿನ ಟೀಮಿನವರಿಗೆ ನನ್ನ ಮಾತಿಗಿಂತ ಆ ಗುಡುಗು ಜಾಸ್ತಿ ಪರಿಚಯ.

ಹವೆ ಹೊಂದುತ್ತಾ?

ಮೈಸೂರಿನವರಿಗೆ ಯಾವ ಹವೆಯೂ ಸುಲಭಕ್ಕೆ ಹೊಂದಲ್ಲ, ನಾವು ಅಷ್ಟು ಕೆಟ್ಟಿದ್ದೇವೆ. ಕ್ವಾಲಾಲಂಪುರ ವರ್ಷವಿಡೀ ಬೆವರು. ಥೈಲ್ಯಾಂಡಿನ ಚಿಯಾಂಗ್ ಮಾಯ್ ಊರನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಗದ್ದೆ, ಕಾಡು ಸುಡುವ ಹೊಗೆ ಬಂದು ಕೂರುತ್ತದೆ. ಆಸ್ತಮಾ ಇದ್ದವರು ಆ ತಿಂಗಳು ದೂರ ಇರಿ. ದುಬೈ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಣಲೆ. ಲಿಸ್ಬನ್ನಿನ ಹೊರಗಿನ ಚಳಿ ದೊಡ್ಡದಲ್ಲ, ಮನೆಯೊಳಗಿನದು ದೊಡ್ಡದು. ಹಳೇ ಮನೆಗಳಲ್ಲಿ ಬಿಸಿ ಮಾಡುವ ವ್ಯವಸ್ಥೆಯೇ ಇರಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ನನ್ನ ಚಿಕ್ಕಪ್ಪನ ಮಗ ಅಲ್ಲಿದ್ದಾನೆ. ಜನವರಿಯಲ್ಲಿ ವಿಡಿಯೋ ಕಾಲ್ ಮಾಡಿದರೆ ಮನೆಯೊಳಗೇ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿರುತ್ತಾನೆ.

ಊಟದ ಗತಿ? ಏನೇನು ಕಟ್ಟಿಕೊಂಡು ಹೋಗಬಹುದು?

ಕ್ವಾಲಾಲಂಪುರ, ಸಿಂಗಪುರ, ದುಬೈಯಲ್ಲಿ ಚಿಂತೆ ಬೇಡ. ಬ್ರಿಕ್‌ಫೀಲ್ಡ್ಸ್‌ನಲ್ಲಿ ರಾಗಿ ಹಿಟ್ಟೂ ಸಿಗುತ್ತದೆ, ಕರಿಬೇವೂ ಸಿಗುತ್ತದೆ. ಲಿಸ್ಬನ್ನಿನಲ್ಲಿ ಮಾರ್ಟಿಂ ಮೊನಿಜ್ ಸುತ್ತ ನಮ್ಮ ಕಡೆಯ ಸಾಮಾನಿನ ಅಂಗಡಿಗಳಿವೆ. ಮುದ್ದೆ ಕೋಲು ಒಂದು ಒಯ್ಯಿರಿ, ಅದು ಎಲ್ಲೂ ಸಿಗಲಿಲ್ಲ. ಮಿಕ್ಸಿ ಒಯ್ಯುವುದಾದರೆ ಈ ಎಲ್ಲ ದೇಶದಲ್ಲೂ ಕರೆಂಟು ನಮ್ಮ ಥರದ್ದೇ, 220ರಿಂದ 240 ವೋಲ್ಟ್. ಪಿನ್ ಮಾತ್ರ ಬೇರೆ. ಮಲೇಷ್ಯಾ, ದುಬೈಗೆ ಚೌಕದ ಮೂರು ಪಿನ್ನಿನ ಅಡಾಪ್ಟರ್ ಬೇಕು.

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಯುಎಇಗೂ ಸಿಂಗಪುರಕ್ಕೂ ಗಸಗಸೆ ಒಯ್ಯಬೇಡಿ. ನಮಗದು ಪಾಯಸದ ಸಾಮಾನು, ಅವರಿಗೆ ಅದು ಅಫೀಮಿನ ಗಿಡದ ಬೀಜ, ನಿಷೇಧಿತ ವಸ್ತು. ನಾನು ಸಿಂಗಪುರದ ಮೇಲೆ ಹೋಗುವವಳಿದ್ದೆ. ಹಿಂದಿನ ರಾತ್ರಿ ಸೂಟ್‌ಕೇಸ್ ತೂಕ ನೋಡುವಾಗ ಹುಳಿಪುಡಿ ಡಬ್ಬಿ ಪಕ್ಕ ಒಂದು ರಬ್ಬರ್ ಬ್ಯಾಂಡ್ ಸುತ್ತಿದ ಪೊಟ್ಟಣ ಸಿಕ್ಕಿತು. "ನೂರು ಗ್ರಾಂ ಅಷ್ಟೇ ಕಣೇ, ಹಬ್ಬಕ್ಕೆ ಪಾಯಸ ಮಾಡ್ಕೋ ಅಂತ" ಅಂದರು ಅಮ್ಮ. ಆ ನೂರು ಗ್ರಾಂ ನನ್ನನ್ನು ಎಲ್ಲಿ ಕೂರಿಸುತ್ತಿತ್ತೋ! ಮಾತ್ರೆಗಳ ವಿಷಯದಲ್ಲೂ ಹೀಗೇ. ಕೋಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಥರದ ನೋವಿನ ಮಾತ್ರೆ ಯುಎಇಯಲ್ಲಿ ಅನುಮತಿ ಇಲ್ಲದೆ ಒಯ್ಯುವ ಹಾಗಿಲ್ಲ. ಬಿಪಿ, ಶುಗರ್ ಮಾತ್ರೆಗೂ ಡಾಕ್ಟರ ಚೀಟಿ ಜೊತೆಗಿರಲಿ. ಹಾಗೇ, ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರದೇಶಕ್ಕೆ ನಡೆಯಲ್ಲ. ಅಲ್ಲಿಗೆ ಬೇರೆ ಮಾಡಿಸಿ.

ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಹೋಗಬಹುದಾ?

ಹೋಗಬೇಕಾ ಬೇಡವಾ ಅನ್ನುವುದು ನಿಮ್ಮ ಮನೆಯ ಮಾತು. ಊರು ಆರಿಸಲು ಮಾತ್ರ ನನ್ನ ಹತ್ತಿರ ಒಂದು ಲೆಕ್ಕ ಇದೆ. ರಾತ್ರಿ ಫೋನ್ ಬಂತು ಅಂದುಕೊಳ್ಳಿ. ಎಷ್ಟು ಗಂಟೆಯಲ್ಲಿ ಮೈಸೂರಿನ ಮನೆ ಬಾಗಿಲಲ್ಲಿ ನಿಲ್ಲಬಹುದು? ವಿಮಾನದ ಹೊತ್ತನ್ನಷ್ಟೇ ಎಣಿಸಬೇಡಿ.

ನನಗೆ ಒಮ್ಮೆ ಬಂತು. ಅಪ್ಪ ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಮನೆಯಿಂದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ಅಲ್ಲಿ ಎರಡೂವರೆ ಗಂಟೆ ಕಾಯುವುದು, ಬೆಂಗಳೂರಿಗೆ ನಾಲ್ಕು ಗಂಟೆ ಹಾರಾಟ, ಇಮಿಗ್ರೇಷನ್ ಸಾಲು, ಆಮೇಲೆ ದೇವನಹಳ್ಳಿಯಿಂದ ಫ್ಲೈಬಸ್ಸು. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ಬೆಂಗಳೂರು ದಾಟಿದರೆ ಬೇಗ. ಬೆಂಗಳೂರು ದಾಟುವುದೇ ಕಷ್ಟ. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಅಂತ ಮನಸ್ಸಲ್ಲೇ ಎಣಿಸುತ್ತಾ ಕೂತಿದ್ದೆ. ಒಟ್ಟು ಹದಿಮೂರು ಗಂಟೆ. ಅಪ್ಪ ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದರು. "ಇಷ್ಟಕ್ಕೆಲ್ಲ ಬರಬೇಕಿತ್ತಾ?" ಅಂದರು, ಆದರೆ ಕೈ ಬಿಡಲಿಲ್ಲ. ಲಿಸ್ಬನ್ನಿನಿಂದ ನೇರ ವಿಮಾನ ಇಲ್ಲ, ನನ್ನ ಚಿಕ್ಕಪ್ಪನ ಮಗನಿಗೆ ಒಂದು ದಿನಕ್ಕಿಂತ ಕಡಿಮೆಯಲ್ಲಿ ಎಂದೂ ಆಗಿಲ್ಲ. ದುಬೈ ಈ ಲೆಕ್ಕದಲ್ಲಿ ಗೆಲ್ಲುತ್ತದೆ.

ಅಲ್ಲಿ ಒಂಟಿ ಅನ್ನಿಸಲ್ವಾ?

ಅನ್ನಿಸುತ್ತೆ. ದುಬೈ, ಸಿಂಗಪುರದಲ್ಲಿ ಕನ್ನಡ ಸಂಘಗಳಿವೆ, ರಾಜ್ಯೋತ್ಸವಕ್ಕೆ ಹೋಗಿ ಬಿಸಿಬೇಳೆಬಾತ್ ತಿಂದು ಬರಬಹುದು. ಆದರೆ ನನಗೆ ಈ ವಿಷಯದಲ್ಲಿ ಪಾಠ ಹೇಳಿದ್ದು ನಮ್ಮ ಗೋಕುಲಂನ ವಿದೇಶಿಯರು. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯಲು ಬರುವವರು, ಮೊದಲು ಲಕ್ಷ್ಮೀಪುರಂಗೆ ಬರುತ್ತಿದ್ದರು, ಆಮೇಲೆ ಗೋಕುಲಂ. ಎರಡು ಮೂರು ತಿಂಗಳು ಇರುತ್ತಾರೆ. ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ರೂಮು ಮಾಡುತ್ತಾರೆ. ದಿನಾ ಅದೇ ಎಳನೀರಿನವರ ಹತ್ತಿರ ನಿಲ್ಲುತ್ತಾರೆ. ಹದಿನೈದು ದಿನಕ್ಕೆ ಎಳನೀರಿನವರು ಇವರ ಹೆಸರು ಹಿಡಿದು ಕರೆಯುತ್ತಾರೆ. ಅರಮನೆ ನೋಡಿದ್ದೀರಾ ಅಂತ ಕೇಳಿದರೆ "ಮುಂದಿನ ವಾರ" ಅಂತಾರೆ. ಅವರು ಊರು ಆರಿಸಿದ್ದು ಅರಮನೆ ನೋಡಿ ಅಲ್ಲ, ಬೆಳಿಗ್ಗೆ ಎರಡು ಗಂಟೆ ಹೊತ್ತು ಮಾಡುವ ತಮ್ಮ ಯೋಗ ನೋಡಿ. ನಾನು ಆರಿಸಿದ್ದು ಜೋಡಿ ಗೋಪುರ ನೋಡಿ.

ಒಂದು ವರ್ಷಕ್ಕೆ ಹೋಗುವ ಮೊದಲು ಪರೀಕ್ಷೆ ಮಾಡುವುದು ಹೇಗೆ?

ಮೊದಲ ಪರೀಕ್ಷೆಗೆ ಮೈಸೂರು ಬಿಡುವುದೇ ಬೇಡ. ಆರಿಸಿದ ಊರಿನ ವೇಳೆಯಲ್ಲಿ ನಿಮ್ಮ ಕೆಲಸ ಎಷ್ಟರಿಂದ ಎಷ್ಟಕ್ಕೆ ಬರುತ್ತದೋ ನೋಡಿ, ಇಲ್ಲೇ ಮನೆಯಲ್ಲಿ ಎರಡು ವಾರ ಅದೇ ಹೊತ್ತಿಗೆ ಎದ್ದು, ಉಂಡು, ಮಲಗಿ. ಸಂಜೆ 5ರಿಂದ ರಾತ್ರಿ 1 ಅಂತ ಬಂದರೆ ಮೂರನೇ ದಿನಕ್ಕೇ ಮನೆಯವರು ನಿಮಗೆ ಉತ್ತರ ಹೇಳುತ್ತಾರೆ. ಅದರಲ್ಲಿ ಗೆದ್ದರೆ ರಜೆ ಹಾಕಿ ಹತ್ತು ದಿನ ಆ ಊರಿಗೆ ಹೋಗಿ. ನೋಡುವ ಜಾಗಗಳನ್ನು ಬಿಡಿ. ತರಕಾರಿ ತನ್ನಿ, ಬಟ್ಟೆ ಒಗೆಸಿ, ಕ್ಷೌರ ಮಾಡಿಸಿ, ಒಂದು ಮಂಗಳವಾರ ಸಂಜೆ ಏನೂ ಮಾಡದೆ ಕೂತು ನೋಡಿ.

ನೀವು ಮತ್ತೆ ಹೋಗುತ್ತೀರಾ?

ಹೂಂ, ಈ ಸಲ ಮಾರಿಷಸ್. ಲಂಡನ್ನಿನ ಬೆಳಿಗ್ಗೆ 9 ಅಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 12, ಚಳಿಗಾಲದಲ್ಲಿ 1. ಬೆಳಿಗ್ಗೆಯೂ ಸಿಗುತ್ತದೆ, ರಾತ್ರಿಯ ಊಟವೂ ಹೊತ್ತಿಗೆ ಆಗುತ್ತದೆ. ಮನೆ ಬಾಗಿಲಿನ ಲೆಕ್ಕದಲ್ಲಿ ಕ್ವಾಲಾಲಂಪುರಕ್ಕಿಂತ ದೂರ, ಮುಂಬೈ ಮೇಲೆ ಬರಬೇಕು. ಅಪ್ಪನಿಗೆ ಬಚ್ಚಲಲ್ಲಿ ಹಿಡಿ ಹಾಕಿಸಿದ್ದೇವೆ, ನೋಡೋಣ. ಸಮುದ್ರದ ಪಕ್ಕ ಬೇಡ ಅಂತ ಗುಡ್ಡದ ಮೇಲಿನ ಕ್ಯೂರ್‌ಪಿಪ್ ಊರಲ್ಲಿ ಹುಡುಕುತ್ತಿದ್ದೇನೆ, ತಂಪಾಗಿದೆಯಂತೆ. ಒಂದು ಮನೆ ಹಿಡಿಸಿದೆ. ಮಾಲೀಕರಿಗೆ ಸಂಜೆ 8 ಗಂಟೆಯ ಸ್ಪೀಡ್ ಟೆಸ್ಟ್ ಚಿತ್ರ ಕಳಿಸಿ ಎಂದು ಎರಡು ಸಲ ಬರೆದೆ. ಎರಡು ಸಲವೂ ಬಾಲ್ಕನಿಯ ಚಿತ್ರ ಕಳಿಸಿದ್ದಾರೆ.